ಸೊನ್ನೆ ನಂಬರಿನ ಲಾರಿ

"ಮೇಡಂ, ನಿಮ್ಮ ಬ್ಯಾಕಪ್ ಕೆಟ್ಟಿದೆ ಅನ್ಸುತ್ತೆ."

ಇಸಕ್ಕಿಮುತ್ತು ಫೋನಿನಲ್ಲಿ ನನಗೆ ಹೇಳಿದ ಮೊದಲ ಮಾತು ಇದು. ಅವರು ಕೊಯಮತ್ತೂರಿನ ಕ್ಲೌಡ್ ಕಂಪನಿಯವರು. ತೂತ್ತುಕುಡಿಯ ನಮ್ಮ ಉಪ್ಪಿನ ಆಫೀಸಿನ ಹಳೇ ಸರ್ವರಿನ ಬ್ಯಾಕಪ್ಪನ್ನು ಕ್ಲೌಡಿನಲ್ಲಿ ಕಾಪಾಡುವುದು ಅವರ ಕೆಲಸ.

"ಏನು ಕೆಟ್ಟಿದೆ ಸಾರ್?"

"ಕೊನೇ ಲಾರಿ ನಂಬರ್ ಬರೀ ಸೊನ್ನೆಗಳು. ಲೋಡು ಅನ್ನೋ ಕಡೆ ಉಪ್ಪು ಅಂತ ಇರಬೇಕಲ್ವಾ? ಇಲ್ಲಿ 'ಮಾವಿನಕಾಯಿ ಹಾಕಿದ ಮೀನು ಸಾರು' ಅಂತಿದೆ."

ಕಿವಿಯೆಲ್ಲ ಬಿಸಿಯಾಯಿತು. "ಕೆಟ್ಟಿಲ್ಲ. ಅದು ನನ್ನ ಮಧ್ಯಾಹ್ನದ ಊಟ."

"ಹಾಗಾದ್ರೆ ಸಾರೂ ಕೆಟ್ಟಿಲ್ಲ ತಾನೇ?" ಎಂದರು, ಬಹಳ ಗಂಭೀರವಾಗಿ.

ಬ್ಯಾಕಪ್ ತೆಗೆಯುವ ಮುಂಚೆ ಸುಳ್ಳು ಲಾರಿಯೊಂದನ್ನು ಬರೆದಿಡಬೇಕೆಂದು ಅವರ ಕಂಪನಿಯ ಬೇರೊಬ್ಬರು ಹೇಳಿದ್ದರು, ಅದು ಇಸಕ್ಕಿಮುತ್ತುವಿಗೆ ಇನ್ನೂ ತಲುಪಿರಲಿಲ್ಲ. ಆ ಕಡೆ ಬ್ಯಾಕಪ್ಪನ್ನು ಬಿಚ್ಚಿದಾಗ ಆ ಸಾಲು ಕಂಡರೆ ಕೊನೆಯ ತನಕ ಎಲ್ಲವೂ ಬಂದಿದೆ ಎಂದರ್ಥ. ಬಿಚ್ಚಿ ನೋಡದ ಬ್ಯಾಕಪ್ಪು, ರುಚಿ ನೋಡದ ಉಪ್ಪಿನಕಾಯಿಯ ಹಾಗೆ. ಅವರು ನೋಡಿ ಹೇಳಿದ ಮೇಲೆ ನಾನು ಆ ಸಾಲನ್ನು ಅಳಿಸಬೇಕು. ಅವತ್ತು ಏನು ಬರೆಯಬೇಕೆಂದು ತೋಚದೆ ಮುಂದಿದ್ದ ಡಬ್ಬಿಯೊಳಗಿನದನ್ನೇ ಬರೆದಿದ್ದೆ.

ನಮ್ಮ ಸರ್ವರನ್ನು ಎಲ್ಲರೂ ತಾತ ಎನ್ನುತ್ತೇವೆ. ವಯಸ್ಸಾದ ಮೇಲೆ ಹೊಸತು ಕಲಿಯಲು ಆಗುವುದಿಲ್ಲ. ಕ್ಲೌಡಿಗೆ ತಾನಾಗಿ ಏನನ್ನೂ ಕಳಿಸಲು ಬಾರದು, ಪ್ರತಿ ಶನಿವಾರ ನಾನೇ ಏರಿಸಬೇಕು. ಹಣೆಗೆ ಆಯುಧಪೂಜೆಯ ಗಂಧ, ಪಕ್ಕಕ್ಕೆ ನಾನು ಅಂಟಿಸಿದ ಚರ್ಚಿನ ಮಾತೆಯ ಪಟ, ಹಗಲೂ ರಾತ್ರಿ ಕೆಮ್ಮುವ ಫ್ಯಾನು. ಒಂದು ಮಳೆಗಾಲ ಆಫೀಸಿನೊಳಗೆ ನೀರು ನುಗ್ಗಿದಾಗ ನಮ್ಮ ಮಾಲೀಕರು, ನಾವೆಲ್ಲ ಅಣ್ಣಾಚ್ಚಿ ಎನ್ನುವ ಪೊನ್ನಯ್ಯ, ತಾತನನ್ನು ತಾವೇ ತಲೆಯ ಮೇಲೆ ಹೊತ್ತು ನಿಂತಿದ್ದರು. "ಉಪ್ಪು ಕರಗಿದ್ರೆ ಮತ್ತೆ ಮಾಡ್ಬಹುದು. ಲೆಕ್ಕ ಕರಗಿದ್ರೆ?" ಎಂದು ಮರುದಿನವೇ ಕ್ಲೌಡಿಗೆ ಒಪ್ಪಿದರು. "ಜನ್ಮವಿಡೀ ಮೋಡ ಕಂಡ್ರೆ ಬೈದವನು ನಾನು, ಈಗ ಅದಕ್ಕೇ ಲೆಕ್ಕ ಒಪ್ಪಿಸ್ಬೇಕು ನೋಡಮ್ಮಾ ಅಮಲಾ" ಎಂದು ಗೊಣಗಿದ್ದೂ ಅವರೇ.

ಹೀಗೆ ಶನಿವಾರಗಳು ಶುರುವಾದವು.

ನಾನು ಬರೆಯುತ್ತಿದ್ದೆ, ಅವರು ಓದುತ್ತಿದ್ದರು. "ಒಣಮೀನು, ಬದನೆಕಾಯಿ. ಸರಿಯಾಗಿ ಬಂದಿದೆ ಮೇಡಂ." "ನಿಂಬೆಹಣ್ಣಿನ ಚಿತ್ರಾನ್ನ. ಇವತ್ತು ಸೋಮಾರಿತನಾನಾ?" ಅವರ ನಗು ತಗ್ಗಿದ ದನಿಯಲ್ಲಿ ಬರುತ್ತಿತ್ತು, ನಕ್ಕಿದ್ದು ಗೊತ್ತಾಗದಿರಲಿ ಎಂಬಂತೆ. ಮುಖವನ್ನು ನಾನು ನೋಡಿರಲಿಲ್ಲ. ಆ ನಗುವಿಗೊಂದು ಮುಖವನ್ನು ನಾನೇ ಮಾಡಿಕೊಂಡಿದ್ದೆ, ಕಿವಿಯ ಹತ್ತಿರ ಒಂದಿಷ್ಟು ನರೆಯನ್ನೂ ಸೇರಿಸಿ.

ನಾಚಿಕೆಯಿಲ್ಲದೆ ಹೇಳುತ್ತೇನೆ, ಶುಕ್ರವಾರವೇ ಮೀನು ಆರಿಸಲು ಶುರು ಮಾಡುತ್ತಿದ್ದೆ. ಓದಿದರೆ ಚೆನ್ನಾಗಿ ಕೇಳಿಸುವಂಥ ಅಡುಗೆ ಮಾಡುತ್ತಿದ್ದೆ.

ಆಮೇಲೆ ಅಮ್ಮ ಹೋದಳು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎನ್ನುತ್ತಾರೆ. ಉಪ್ಪಿನ ಊರಿನಲ್ಲಿ ಉಪ್ಪಿಗೇನೂ ಬರವಿರಲಿಲ್ಲ. ಮನೆಯಲ್ಲಿ ಎರಡು ತಟ್ಟೆ ಇದ್ದವು. ಒಂದನ್ನು ತೊಳೆದು ಮೇಲಿನ ಹಲಗೆಯಲ್ಲಿಟ್ಟೆ. ಮದುವೆಯ ವಯಸ್ಸನ್ನು ಅವಳ ಔಷಧಿಗಳ ನಡುವೆ ಎಲ್ಲೋ ಇಟ್ಟು ಮರೆತಿದ್ದವಳು ನಾನು. ಈಗ ಬೀಗ ತೆಗೆದು ಒಳಗೆ ಹೋದರೆ ನನ್ನ ಚಪ್ಪಲಿಯ ಸದ್ದೇ ನನಗೆ ಎದುರಾಗುತ್ತಿತ್ತು.

ಆ ಶನಿವಾರ ಲೋಡಿನ ಜಾಗದಲ್ಲಿ 'ಏನೂ ಇಲ್ಲ' ಎಂದು ಬರೆದೆ.

ಫೋನು ಬಂತು. ಅವರು ಆ ಸಾಲನ್ನು ಓದಲಿಲ್ಲ. "ಮೇಡಂ, ಆಫೀಸಿನ ಕೆಳಗೆ ಅಂಗಡಿ ಇದೆಯಾ?"

"ಇದೆ."

"ಎರಡು ಇಡ್ಲಿ ತರಿಸಿ. ನಾನು ಲೈನಲ್ಲೇ ಇರ್ತೀನಿ."

ಇದ್ದರು. ನಾನು ಅಳುತ್ತಾ ತಿಂದೆ. ಆ ಕಡೆ ಅವರ ಡಬ್ಬಿಯ ಮುಚ್ಚಳ ತೆಗೆದ ಸದ್ದು ಮಾತ್ರ ಕೇಳಿಸಿತು. ಅಲ್ಲಿಂದ ಪ್ರತಿ ಶನಿವಾರ ನಾವು ಹಾಗೆಯೇ ಊಟ ಮಾಡಿದೆವು. ವಾರದ ಉಳಿದ ಊಟಗಳನ್ನು ನಾನು ನುಂಗಿ ಮುಗಿಸುತ್ತಿದ್ದೆ.

ಹೋದ ತಿಂಗಳು ಅಣ್ಣಾಚ್ಚಿ ಹೇಳಿದರು: ಇನ್ನು ಎಲ್ಲವೂ ಹೊಸ ಸಿಸ್ಟಮ್. ಲೆಕ್ಕವೇ ಕ್ಲೌಡಿನಲ್ಲಿ ಹುಟ್ಟಿ ಅಲ್ಲೇ ಉಳಿಯುತ್ತದೆ. ಬ್ಯಾಕಪ್ಪು ತೆಗೆಯುವುದಿಲ್ಲ, ಬಿಚ್ಚುವುದಿಲ್ಲ, ತಾತನಿಗೆ ನಿವೃತ್ತಿ.

ನಾನು ತಡ ಮಾಡಿದೆ. ಹಳೇ ಉಪ್ಪಿನ ಆಗರಗಳ ತೂಕ ತಾಳೆಯಾಗುತ್ತಿಲ್ಲ ಎಂದೆ, ಹೊಸದರಲ್ಲಿ ತಮಿಳು ಅಕ್ಷರ ಸರಿಯಿಲ್ಲ ಎಂದೆ. ಕುಣಿಯಲಾರದವಳಿಗೆ ನೆಲ ಡೊಂಕು. ಕೊನೆಗೆ ಅಣ್ಣಾಚ್ಚಿಯೇ ಹೊಸ ಸಿಸ್ಟಮಿನ ಮುಂದೆ ಕುಳಿತು ನನ್ನನ್ನು ಕರೆದರು.

"ಅಮಲಾ, ನಮ್ಮ ಕಂಪನಿಯಿಂದ ಮೀನು ಸಾರು ಯಾವ ದೇಶಕ್ಕೆ ಹೋಗ್ತಿತ್ತಮ್ಮಾ?"

ಪರದೆಯ ತುಂಬ ಸೊನ್ನೆ ನಂಬರಿನ ಲಾರಿಗಳು. ಒಣಮೀನು, ಚಿತ್ರಾನ್ನ, ಏನೂ ಇಲ್ಲ, ಇಡ್ಲಿ. ಅವನ್ನು ಅಳಿಸಬೇಕಿತ್ತು. ಒಂದನ್ನೂ ಅಳಿಸಿರಲಿಲ್ಲ, ಕೈ ಬಂದಿರಲಿಲ್ಲ. ತಾತನ ಲೆಕ್ಕದ ಹಿಂದೆಯೇ ಅವೂ ಸಾಲಾಗಿ ಇಲ್ಲಿಗೆ ಬಂದಿದ್ದವು.

"ಚೆಕಿಂಗಿಗೆ ಬರೆದದ್ದು ಅಣ್ಣಾಚ್ಚಿ. ಕೊಯಮತ್ತೂರಿನವರು ಓದಿ ಹೇಳ್ತಾರಲ್ಲ."

ಅವರು ಕನ್ನಡಕ ತೆಗೆದರು. "ಎಲ್ಲಿಯ ಚೆಕಿಂಗು? ಅದಕ್ಕೆ ಬೇರೆ ಬಿಲ್ ಹಾಕ್ತಾರೆ ಅಂತ ಎರಡು ವರ್ಷದ ಕೆಳಗೇ ತೆಗೆಸಿದೀನಿ. ಈಗೆಲ್ಲ ಮಿಷನ್ನೇ ನೋಡ್ಕೊಳ್ಳುತ್ತೆ."

ಅಣ್ಣಾಚ್ಚಿ ನನ್ನ ಮುಖ ನೋಡಿದರು, ಪರದೆ ನೋಡಿದರು, ಮತ್ತೆ ನನ್ನ ಮುಖ ನೋಡಿದರು. ಮೂರು ಹೆಣ್ಣುಮಕ್ಕಳ ಮದುವೆ ಮಾಡಿದ ಮನುಷ್ಯ. "ಶನಿವಾರ ತಾತನ್ನ ಆಫ್ ಮಾಡು. ಇವನ್ನೆಲ್ಲ ಅಳಿಸು. ಉಪ್ಪು ತಿಂದೋನು ಯಾರು ಅಂತ ಆಮೇಲೆ ನೋಡೋಣ" ಎಂದು ಎದ್ದು ಹೋದರು.

ಕೊನೆಯ ಶನಿವಾರ ಕೊನೆಯ ಬ್ಯಾಕಪ್ಪು ಏರಿಸಿ ಕಾದೆ. ಡಬ್ಬಿ ತೆರೆಯಲಿಲ್ಲ. ಫೋನು ಬರುವ ಹೊತ್ತು ದಾಟಿತು. ಖಾತೆ ಮುಚ್ಚಿಸಲು ಅಣ್ಣಾಚ್ಚಿ ಕೊಯಮತ್ತೂರಿಗೆ ಫೋನ್ ಮಾಡಿದ್ದಾರೆ; ನಗುತ್ತ ಏನಾದರೂ ಅಂದಿದ್ದರೆ, ಇಸಕ್ಕಿಮುತ್ತು ನಾಚಿಕೊಂಡು ಇನ್ನೆಂದೂ ಕರೆಯದಿದ್ದರೆ? ಅವರ ಸ್ವಂತ ನಂಬರು ನನ್ನಲ್ಲಿರಲಿಲ್ಲ. ಇಷ್ಟು ವರ್ಷ ಕೇಳಬೇಕೆಂದು ತೋಚಿರಲೇ ಇಲ್ಲ. ಈ ಫೋನೊಂದು ಬಾರದಿದ್ದರೆ ನನಗೆ ಜಗತ್ತಿನಲ್ಲಿ ಕೇಳಲು ಬೇರೆ ದನಿಯಿಲ್ಲ ಎಂಬುದು ಆಗ ಗೊತ್ತಾಯಿತು.

ಫೋನು ಬಂದಾಗ ಅನ್ನ ತಣ್ಣಗಾಗಿತ್ತು.

"ನೆಟ್ ನಿಧಾನ ಇತ್ತು ಮೇಡಂ." ಗಂಟಲು ಸರಿಮಾಡಿಕೊಂಡು ಓದಿದರು. "ಲಾರಿ ಸೊನ್ನೆ. ಲೋಡು, ಇಬ್ಬರ ಊಟ. ಎಲ್ಲಿಗೆ ಅನ್ನೋದನ್ನ ಖಾಲಿ ಬಿಟ್ಟಿದೀರಿ."

"ಸಾರ್, ಈ ಚೆಕಿಂಗು ಎರಡು ವರ್ಷದಿಂದ ಇಲ್ಲವೇ ಇಲ್ಲವಂತೆ."

ತಾತನ ಫ್ಯಾನು ಕೆಮ್ಮಿತು.

"ಹೌದು, ಇಲ್ಲ ಮೇಡಂ," ಎಂದರು ಕೊನೆಗೆ. "ಹೆಂಡತಿ ಬಿಟ್ಟುಹೋದ ಮೇಲೆ ನಾನೂ ಒಬ್ಬನೇ. ನಿಮ್ಮ ಡಬ್ಬಿಯಲ್ಲಿ ಏನಿದೆ ಅಂತ ಓದಿದ ಮೇಲೇನೇ ನನ್ನದನ್ನ ತೆಗೀತಿದ್ದೆ."

"ಹೇಳಬಾರದಿತ್ತಾ?"

"ನೀವು ಹೇಳಿದ್ರಾ? ಬಿಚ್ಚಿದಾಗಲೆಲ್ಲ ನೋಡ್ತಿದ್ದೆ, ಹಳೇ ಲಾರಿಗಳೆಲ್ಲ ಹಾಗೇ ನಿಂತಿರ್ತಿದ್ದವು. ಒಂದನ್ನೂ ಅಳಿಸಿರಲಿಲ್ಲ ನೀವು. ಅದನ್ನ ನೋಡಿನೇ ಮುಂದಿನ ವಾರ ಫೋನ್ ಮಾಡೋ ಧೈರ್ಯ ಬರ್ತಿತ್ತು."

ನನ್ನ ಗುಟ್ಟನ್ನು ನಾನೇ ಪ್ರತಿ ವಾರ ಕಟ್ಟಿ ಕಳಿಸಿದ್ದೆ. ನಗುವೂ ಅಳುವೂ ಒಟ್ಟಿಗೆ ಬಂದವು.

"ಆ ಲಾರಿಗಳನ್ನ ಇಲ್ಲಿಂದ ಅಳಿಸಿಬಿಡ್ತೀನಿ ಸಾರ್. ಅಣ್ಣಾಚ್ಚಿ ಅಪ್ಪಣೆ."

"ಅಳಿಸಿ. ಕ್ಲೌಡಲ್ಲಿ ಹಳೇ ಬ್ಯಾಕಪ್ಪು ಇನ್ನೊಂದು ತಿಂಗಳು ಇರುತ್ತೆ. ಆಮೇಲೆ ತಾನಾಗೇ ಹೋಗುತ್ತೆ."

ತಾತನ ಗುಂಡಿ ಒತ್ತಿದೆ. ಫ್ಯಾನು ನಿಧಾನವಾಗಿ ನಿಂತಿತು. ಆ ಕೋಣೆ ಇಷ್ಟು ನಿಶ್ಶಬ್ದವಾಗಿದ್ದನ್ನು ನಾನು ಕಂಡಿರಲಿಲ್ಲ. ಇನ್ನು ಅವರು ನೋಡಲು ಏನೂ ಉಳಿದಿರಲಿಲ್ಲ, ಫೋನು ಇಡಲು ಯಾವ ಅಡ್ಡಿಯೂ ಇರಲಿಲ್ಲ.

"ಸಾರ್, ಇದ್ದೀರಾ?"

"ಇದ್ದೀನಿ."

"ಖಾಲಿ ಬಿಟ್ಟಿದ್ದನ್ನ ಬರ್ಕೊಳ್ಳಿ, ಎಲ್ಲಿಗೆ ಅನ್ನೋದು." ಬೀದಿ ಹೇಳಿದೆ, ಚರ್ಚಿನ ಹಿಂದಿನ ತಿರುವು ಹೇಳಿದೆ, ನೀಲಿ ಬಾಗಿಲು ಹೇಳಿದೆ. "ತಿಂಗಳು ಮುಗಿಯೋದ್ರೊಳಗೆ ಬನ್ನಿ."

"ಅಷ್ಟು ದಿನ ಯಾಕೆ? ಮುಂದಿನ ಶನಿವಾರ ಬರ್ತೀನಿ. ಏನು ಅಡುಗೆ ಮೇಡಂ?"

"ಬಂದು ನೋಡಿ. ಬರೆದು ಕಳಿಸೋದು ಮುಗೀತು."

ಆ ಸಂಜೆ ಮನೆಗೆ ಹೋಗಿ ಸ್ಟೂಲು ಹತ್ತಿ ಮೇಲಿನ ಹಲಗೆಯಿಂದ ಅಮ್ಮನ ತಟ್ಟೆ ಇಳಿಸಿದೆ. ಧೂಳು ಕುಳಿತಿತ್ತು. ತೊಳೆದು ನನ್ನ ತಟ್ಟೆಯ ಪಕ್ಕಕ್ಕೆ ಒಣಗಲು ಇಟ್ಟೆ.