ಸಾಯದೆ ಉಳಿದ ಕೋಶಗಳು

"ನನ್ನ ಪ್ಲೇಟ್ ಮುಟ್ಟಿದ್ದು ಯಾರು?"

ಕಿಟಕಿಯಿಲ್ಲದ ಲ್ಯಾಬಿನಲ್ಲಿ ಹಿರಿಯ ಸಂಶೋಧಕಿಯ ದನಿ ಗೋಡೆಗೆ ಬಡಿದು ಅವಳಿಗೇ ವಾಪಸಾಯಿತು.

"ಮುಟ್ಟಿಲ್ಲ ಮೇಡಂ, ಪಕ್ಕದಲ್ಲಿ ನಂದೂ ಒಂದು ಇಟ್ಟೆ," ಎಂದ ಹೊಸ ಸಂಶೋಧಕ. ಬಂದ ವಾರದಲ್ಲೇ ಅವನಿಗೆ ಎಲ್ಲರೂ 'ಅನುಮಾನಪ್ಪ' ಎಂದು ಹೆಸರಿಟ್ಟಿದ್ದರು. "ನಿಮ್ಮದೇ ಕ್ಯಾನ್ಸರ್ ಕೋಶ, ನಿಮ್ಮದೇ ವಿಟಮಿನ್ ಸಿ. ಜೊತೆಗೆ ಪೆರಾಕ್ಸೈಡ್ ಒಡೆಯೋ ಎನ್ಜೈಮ್ ಒಂದು ಹನಿ."

ಅವಳು ಮೈಕ್ರೋಸ್ಕೋಪಿಗೆ ಬಗ್ಗಿದಳು. ಅವಳ ಪ್ಲೇಟಿನಲ್ಲಿ ಕೋಶಗಳು ಮುದುಡಿ ಸತ್ತಿದ್ದವು. ಅವನದರಲ್ಲಿ... ಎಲ್ಲವೂ ಬದುಕಿದ್ದವು!

"ಪ್ಲೇಟಿನ ದ್ರವದಲ್ಲಿ ವಿಟಮಿನ್ ಬೆರೆತು ಪೆರಾಕ್ಸೈಡ್ ಅನ್ನೋ ವಿಷ ಹುಟ್ಟುತ್ತೆ. ಕೊಂದಿದ್ದು ಅದು, ವಿಟಮಿನ್ ಅಲ್ಲ. ನುಂಗಿದ ಮಾತ್ರೆಯಿಂದ ರಕ್ತಕ್ಕೆ ಅಷ್ಟು ವಿಟಮಿನ್ ಸೇರೋದೂ ಇಲ್ಲ."

"ಬಂದು ವಾರ ಆಗಿಲ್ಲ, ನನ್ನ ಕೆಲಸಕ್ಕೇ ಕಲ್ಲು ಹಾಕ್ತೀರಾ? ಹೋಗಿ, ಬಾಸ್‌ಗೆ ಹೇಳಿ ಹೆಸರು ಮಾಡ್ಕೊಳ್ಳಿ!"

ಅವಳ ಸಿಟ್ಟಿನ ಹಿಂದೆ ಏನಿದೆಯೆಂದು ಅವನಿಗೆ ತಿಳಿಯಲಿಲ್ಲ.

ಅವಳ ಅಕ್ಕನ ಎದೆಯಲ್ಲಿ ಕ್ಯಾನ್ಸರ್ ಗೆಡ್ಡೆಯಿತ್ತು. ಡಾಕ್ಟರು ಆಪರೇಷನ್ ಎಂದಿದ್ದರು. "ನನ್ನ ತಂಗಿ ಕಂಡುಹಿಡಿದ ಔಷಧಿ ಇರುವಾಗ ನಂಗ್ಯಾಕೆ ಕತ್ತರಿ?" ಎಂದು ಅಕ್ಕ ವಿಟಮಿನ್ ಮಾತ್ರೆ ನುಂಗುತ್ತಿದ್ದಳು. ವಿಟಮಿನ್ ಸಿ ಹಾಕಿದ ಕೋಶಗಳು ಮೊದಲ ಸಲ ಸತ್ತ ದಿನ ಖುಷಿಯಲ್ಲಿ ಮನೆಗೆ ಬಂದು ಬಾಯಿಬಿಟ್ಟವಳು ಇವಳೇ.

ಹೇಳಿದರೆ ಅಕ್ಕನ ಧೈರ್ಯ ಹೋಗುತ್ತದೆ. ಹೇಳದಿದ್ದರೆ ಅಕ್ಕನೇ... ಲ್ಯಾಬಿನಲ್ಲೂ ಗೋಡೆ, ಮನೆಯಲ್ಲೂ ಗೋಡೆ.

ಅವಳು ತಾನೇ ಮತ್ತೆ ಪ್ರಯೋಗ ಮಾಡಿದಳು. ಎನ್ಜೈಮ್ ಹಾಕಿದ ಕೋಶಗಳು ಮತ್ತೆ ಬದುಕಿದವು. ಅವು ಬದುಕಿದ್ದನ್ನು ನೋಡಿ ಅವಳಿಗೆ ಅಳು ಬಂತು.

"ಬಾಸ್‌ಗೆ ಯಾಕೆ ಹೇಳಲಿಲ್ಲ?" ಎಂದಳು, ಬಾಗಿಲಲ್ಲಿ ನಿಂತಿದ್ದವನಿಗೆ.

"ನಿಮ್ಮ ಕೆಲಸ. ನೀವೇ ಹೇಳ್ಬೇಕು."

ಇವನನ್ನಾ ನಾನು ಬೈದದ್ದು! ಅವಳು ಅಕ್ಕನ ವಿಷಯವನ್ನೆಲ್ಲ ಹೇಳಿಬಿಟ್ಟಳು.

"ನಡೀರಿ, ಮೊದಲು ಮನೆಗೆ ಹೋಗೋಣ," ಎಂದ ಅವನು.

ಅಕ್ಕ ಎಲ್ಲ ಕೇಳಿ ಮಾತ್ರೆಯ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದಳು.

"ಮಾತ್ರೆ ಮೇಲೆ ನಂಗೇನು ಅಂಥ ನಂಬಿಕೆ ಇತ್ತು ಅಂದ್ಕೊಂಡ್ಯಾ ಪುಟ್ಟಿ? ಆಪರೇಷನ್ ಅಂದ್ರೆ ಭಯ ಕಣೇ. ನಿನ್ನ ಹೆಸರು ಹೇಳ್ಕೊಂಡು ತಪ್ಪಿಸ್ಕೊಂಡೆ."

"ಅಕ್ಕಾ..."

"ಅಳ್ಬೇಡ. ಬಾಗಿಲ ಹತ್ರ ಕಂಬದ ಹಾಗೆ ನಿಂತಿದ್ದಾನಲ್ಲ, ಯಾರವನು?"

"ನನ್ನ ಪ್ರಯೋಗ ಕೆಡಿಸಿದವರು."

"ಒಳಗೆ ಕರಿ ಮತ್ತೆ! ಅಂಥವರನ್ನ ಹೊರಗೆ ನಿಲ್ಲಿಸ್ತಾರಾ?"

ಆಪರೇಷನ್ ದಿನ, ಆಸ್ಪತ್ರೆಯ ಬೆಂಚಿನ ಮೇಲೆ ಅವರಿಬ್ಬರೇ. ಅಕ್ಕನನ್ನು ಒಳಗೆ ಕರೆದೊಯ್ದಿದ್ದರು.

"ಏನೂ ಆಗಲ್ಲ ಅನ್ನಿ. ಸುಳ್ಳಾದ್ರೂ ಪರವಾಗಿಲ್ಲ," ಎಂದಳು ಅವಳು.

"ನಿಮ್ಮ ಹತ್ರ ಸುಳ್ಳು ಹೇಳೋಕೆ ಆಗ್ತಿಲ್ಲ," ಅವನ ದನಿ ತಗ್ಗಿತು. "ಇಷ್ಟಪಟ್ಟುಬಿಟ್ಟಿದ್ದೀನಿ. ಒಳಗೇನಾಗುತ್ತೋ ಗೊತ್ತಿಲ್ಲ. ನಾನಂತೂ ಇಲ್ಲಿಂದ ಎದ್ದು ಹೋಗಲ್ಲ. ನೀವೇ ಹೋಗಿ ಅನ್ನೋವರೆಗೂ..."

ಅವಳು ಅವನ ಅಂಗೈಯಲ್ಲಿ ತನ್ನ ತಣ್ಣನೆಯ ಬೆರಳುಗಳನ್ನಿಟ್ಟಳು.

"ನಾನು ಅನ್ನಲ್ಲ."