ಗೂಡಿಗೆ ಬಿದ್ದ ಬಿಸಿಲು

ಅಂದು ಬೆಳಗ್ಗೆ ಆಲೂರಿನಲ್ಲಿ ಮಳೆಯೂ ಇರಲಿಲ್ಲ, ಬಿಸಿಲೂ ಇರಲಿಲ್ಲ. ಸಕಲೇಶಪುರದ ಕಡೆಯಿಂದ ಹೊರಟ ಮಂಜು ಬಸ್ ಸ್ಟ್ಯಾಂಡಿನವರೆಗೂ ಬಂದು, ಮುಂದೆ ಹೋಗಲು ಮನಸ್ಸಿಲ್ಲದೆ ಅಲ್ಲೇ ಕೂತುಬಿಟ್ಟಿತ್ತು. ಹಾಸನದ ಬಸ್ಸು ಲೈಟು ಹಾಕಿಕೊಂಡೇ ಬಂತು, ಲೈಟು ಹಾಕಿಕೊಂಡೇ ಹೋಯಿತು. ಭಾದ್ರಪದದ ಇಂಥ ಬೆಳಗುಗಳಲ್ಲಿ ದೇವರೂ ಸ್ವಲ್ಪ ತಡವಾಗಿ ಏಳುತ್ತಾನೇನೋ ಎಂದು ಹೇಮಶ್ರೀಗೆ ಅನ್ನಿಸಿತು. ಅವನಿಗಾದರೂ ಆ ಅನುಕೂಲ ಇದೆಯಲ್ಲ ಎಂದುಕೊಳ್ಳುತ್ತ ಅವಳು ಸ್ಟುಡಿಯೋದ ಷಟರ್ ಎತ್ತಿದಳು.

ಅವಳ ಹಿಂದೆಯೇ ಒಳಬಂದ ಅಪ್ಪ ಮಹಾದೇವಯ್ಯ ಕ್ಯಾಮೆರಾಕ್ಕೆ ಊದುಬತ್ತಿ ಬೆಳಗಿ, ಸ್ಟ್ಯಾಂಡಿನ ಕಾಲಿಗೆ ವಿಭೂತಿ ಹಚ್ಚಿದ. ಕೈ ನಡುಗಲು ಶುರುವಾದ ಮೇಲೆ ಅವನು ಫೋಟೋ ತೆಗೆಯುವುದನ್ನು ಬಿಟ್ಟಿದ್ದ, ಪೂಜೆಯನ್ನು ಬಿಟ್ಟಿರಲಿಲ್ಲ. "ಬೆಳಕು ಶಿವನದು ಕಣವ್ವ. ನಾವು ಬೊಗಸೆ ಒಡ್ಡೋರು ಅಷ್ಟೇಯ," ಎನ್ನುತ್ತಿದ್ದ. ಮೂವತ್ತೆರಡು ವರ್ಷದ ಹೇಮಶ್ರೀಗೆ ಆ ಬೊಗಸೆ ಈಚೆಗೆ ಭಾರವಾಗಿತ್ತು. ಹೆಣ್ಣು ನೋಡಲು ಬಂದವರಿಗೆ ಕ್ಯಾಮೆರಾ ನೇತುಹಾಕಿಕೊಂಡು ಮದುವೆಮನೆ ಸುತ್ತುವ ಸೊಸೆ ಬೇಡವಾಗಿದ್ದಳು. ಆಮೇಲೆ ಅವಳಿಗೂ ಬರುವವರು ಬೇಡವಾದರು.

ಮಂಜಿನೊಳಗಿಂದ ಒಬ್ಬ ಮನುಷ್ಯ ಬಂದು ಬಾಗಿಲಲ್ಲಿ ನಿಂತ. ಎತ್ತರದ ಆಳು. ಬೂಟಿಗೆ ತೋಟದ ಕೆಂಪು ಮಣ್ಣು ಮೆತ್ತಿತ್ತು. ಕೂದಲಲ್ಲಿ ಒಂದು ಸುರುಳಿ ಮಾತ್ರ ಯಾರ ಮಾತೂ ಕೇಳದೆ ಎದ್ದು ನಿಂತಿತ್ತು.

"ಏನ್ ಬೇಕಿತ್ತು ಸರ್?"

ಅವನು ಅವಳ ಮುಖ ನೋಡಿದ, ಕ್ಯಾಮೆರಾ ನೋಡಿದ, ಕೊನೆಗೆ ತನ್ನ ಬೂಟು ನೋಡಿಕೊಂಡ. ಏನೋ ಹೇಳಲೆಂದು ತೆರೆದ ಬಾಯಿ ಬೇರೇನನ್ನೋ ಹೇಳಿತು.

"ಪಾಸ್‌ಪೋರ್ಟ್ ಸೈಜ್ ಫೋಟೋ ಮೇಡಂ."

ಸ್ಟೂಲಿನ ಮೇಲೆ ಕೂರಿಸಿದಳು. "ಗದ್ದ ಸ್ವಲ್ಪ ಮೇಲೆ. ಅಷ್ಟೊಂದ್ ಬ್ಯಾಡ, ಆಕಾಶ ನೋಡ್ತಿರೋ ಹಂಗೆ ಬತ್ತದೆ." ಲೈಟು ಮಿಂಚಿತು. ಅವನು ಕಣ್ಣು ಮುಚ್ಚಿಬಿಟ್ಟಿದ್ದ. ಇನ್ನೊಮ್ಮೆ ತೆಗೆದಳು. ಮತ್ತೂ ಮುಚ್ಚಿದ.

"ನನ್ನ ಕಂಡ್ರೆ ಅಷ್ಟೊಂದು ಹೆದರ್ಕೆನಾ?"

"ಹೂಂ," ಎಂದ ಅವನು, ತೀರ ಪ್ರಾಮಾಣಿಕವಾಗಿ.

ಹೇಮಶ್ರೀ ಬಹಳ ದಿನಗಳ ಮೇಲೆ ನಕ್ಕಳು.

ಅವನ ಹೆಸರು ಪ್ರತಾಪ್. ಮಾರನಹಳ್ಳಿಯ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆದು ಆಳುಗಳ ಕೆಲಸ ನೋಡಿಕೊಳ್ಳುವ ರೈಟರ್ ಆಗಿದ್ದ. ಮುಂದಿನ ವಾರ ಮತ್ತೆ ಬಂದು, ಫೋಟೋ ಮಳೆಯಲ್ಲಿ ನೆನೆದುಹೋಯಿತು ಎಂದ. ಅದರ ಮುಂದಿನ ವಾರ, ಕಳೆದುಹೋಯಿತು ಎಂದ. ಪ್ರತಿ ಸಲವೂ ಮಹಾದೇವಯ್ಯನಿಗೆ ಪೊಟ್ಟಣದಲ್ಲಿ ಕಾಫಿಪುಡಿ ತರುತ್ತಿದ್ದ.

"ಅಲ್ಲ ತಮ್ಮಾ," ಎಂದ ಮಹಾದೇವಯ್ಯ, "ಇಷ್ಟೊಂದು ಫೋಟೋ ಯಾವ ಆಫೀಸಿಗೆ ಕೊಡ್ತೀಯಪ್ಪ? ಮನೆ ಗೋಡೆಗೇನಾದ್ರೂ ಅಂಟಿಸ್ತಿದೀಯಾ?"

"ಗೋಡೆ ದೊಡ್ಡದೈತೆ ಯಜಮಾನ್ರೆ."

"ಹಂಗಾದ್ರೆ ಸುಣ್ಣ ಹೊಡಿಸೋ ಮಾರಾಯ, ಅಗ್ಗ ಆಯ್ತದೆ."

ಅವಳು ಕ್ಯಾಮೆರಾದ ಹಿಂದೆ ಮುಖ ಮರೆಸಿಕೊಂಡು ನಗುತ್ತಿದ್ದಳು. ಅಲ್ಲಿಂದ ಅವನನ್ನು ಬೇಕಾದಷ್ಟು ಹೊತ್ತು ನೋಡಬಹುದಿತ್ತು. ಫೋಟೋಗ್ರಾಫರ್ ನೋಡಿದರೆ ಯಾರೂ ಏನೂ ಅನ್ನುವುದಿಲ್ಲ. ಫೋಕಸ್ ಸರಿಯಾಗಿದ್ದರೂ ಸರಿಮಾಡುತ್ತಿದ್ದಳು. ಒಮ್ಮೆ ಅವನ ಕಾಲರ್ ನೇರ ಮಾಡಲು ಕೈ ಚಾಚಿ, ಅರ್ಧದಲ್ಲೇ ನಿಲ್ಲಿಸಿ, "ನೀವೇ ಮಾಡ್ಕೊಳಿ," ಎಂದಳು. ಅವನು ತಪ್ಪು ಕಡೆಯ ಕಾಲರನ್ನು ಎಳೆದುಕೊಂಡ.

ಪ್ರಿಂಟಿನ ಒಂದು ಹಾಳೆಗೆ ಎಂಟು ಫೋಟೋ ಬರುತ್ತವೆ. ಮೂರನೆಯ ಸಲ ಅವಳು ಕತ್ತರಿಸಿ, ಕವರಿಗೆ ಹಾಕುವಾಗ ಏಳನ್ನೇ ಹಾಕಿದಳು. ಎಂಟನೆಯದು ಡ್ರಾಯರಿನಲ್ಲಿ, ಹಳೆಯ ಫಿಲ್ಮ್ ಡಬ್ಬಿಗಳ ನಡುವೆ ಸೇರಿಕೊಂಡಿತು. ಯಾಕೆ ಹಾಗೆ ಮಾಡಿದೆ ಎಂದು ತನ್ನನ್ನೇ ಕೇಳಿಕೊಳ್ಳುವಷ್ಟು ಶಕ್ತಿ ಅವಳಿಗಿರಲಿಲ್ಲ.

ಶಕ್ತಿಯೆಲ್ಲ ಮೇ ತಿಂಗಳಲ್ಲೇ ಸೋರಿಹೋಗಿತ್ತು.

ಆಲೂರಿಗೆ ಬ್ರಾಡ್‌ಬ್ಯಾಂಡ್ ಹೊಸದಾಗಿ ಬಂದಿದ್ದ ಕಾಲ. ಮದುವೆಮನೆಯ ಫೋಟೋಗಳ ನಡುವೆ ಹೇಮಶ್ರೀ ತನಗಾಗಿ ತೆಗೆಯುತ್ತಿದ್ದುದು ಹಕ್ಕಿಗಳನ್ನು, ಕಪ್ಪೆಗಳನ್ನು, ಬಿಸಿಲೆ ಘಾಟಿಯ ಕಾಡಂಚಿನ ಚಿಟ್ಟೆಗಳನ್ನು. ಅವನ್ನು ನೋಡುವವರು ಊರಲ್ಲಿ ಯಾರಿದ್ದರು? 'ಹಸಿರುಗಣ್ಣು' ಎಂಬ ವೆಬ್‌ಸೈಟಿನಲ್ಲಿ ಇದ್ದರು. ಮೈಸೂರು, ಮಂಗಳೂರು, ಬೆಂಗಳೂರಿನ ನೂರಾರು ಜನ ಅಲ್ಲಿ ಫೋಟೋ ಹಾಕಿ, ಒಬ್ಬರದನ್ನೊಬ್ಬರು ನೋಡಿ ಮಾತಾಡುತ್ತಿದ್ದರು. ಮುಖ ಕಾಣದ ಆ ಜನರ ನಡುವೆ ಅವಳಿಗೆ ಒಂದು ಜಗಲಿ ಸಿಕ್ಕಿತ್ತು. ಜಗಲಿಗೆ ಇರುವಂತೆ ಅಲ್ಲಿಗೂ ಒಂದು ರೀತಿ ನೀತಿ ಇತ್ತು. ಕೇಳದೆ ಇನ್ನೊಬ್ಬರ ಫೋಟೋ ತಿದ್ದಬಾರದು. ಗೂಡಿನ ಸುತ್ತ ಒಂದೆಲೆಯನ್ನೂ ಕದಲಿಸಬಾರದು. ಗೂಡಿರುವ ಜಾಗದ ಹೆಸರನ್ನು ಬರೆಯಬಾರದು. ಬರೆದರೆ ಭಾನುವಾರ ಗೂಡು ನೋಡುವವರ ಕಾರುಗಳು ಬರುತ್ತವೆ. ತಪ್ಪು ಕಂಡರೆ ಮೊದಲು ಆ ಒಬ್ಬರಿಗೇ ಖಾಸಗಿಯಾಗಿ ಬರೆದು ಕೇಳಬೇಕು. ಹೇಮಶ್ರೀ ಅದನ್ನೆಲ್ಲ ಅಪ್ಪನ ಪೂಜೆಯಷ್ಟೇ ಶ್ರದ್ಧೆಯಿಂದ ಪಾಲಿಸುತ್ತಿದ್ದಳು.

ಏಪ್ರಿಲ್ ಕೊನೆಯಲ್ಲಿ ಮಾರನಹಳ್ಳಿ ಕಡೆಯ ಎಸ್ಟೇಟಿನ ಕೂಲಿಯವರ ಲೈನ್ ಮನೆಯೊಂದರಲ್ಲಿ ನಾಮಕರಣದ ಫೋಟೋ ತೆಗೆಯಲು ಹೋದಾಗ, ಬೇಲಿಕಲ್ಲಿನ ಪಕ್ಕದ ಕಾಫಿ ಗಿಡದಲ್ಲಿ ಪಿಕಳಾರ ಹಕ್ಕಿಯ ಗೂಡು ಕಂಡಿತ್ತು. ಮಳೆಗಾಲಕ್ಕೆ ಮುಂಚೆ ನೆರಳಿನ ಮರಗಳ ಕೊಂಬೆ ಇಳಿಸುವ ಮರಗಸಿ ಆಗಷ್ಟೇ ಮುಗಿದಿತ್ತು. ಮೇಲಿನ ಹಾಲುವಾಣ ಮರದ ಕೊಂಬೆ ಹೋಗಿ, ಆ ಕಿಂಡಿಯಿಂದ ಒಂದು ಹಿಡಿ ಬಿಸಿಲು ನೇರವಾಗಿ ಗೂಡಿನೊಳಗೆ ಬಿದ್ದಿತ್ತು. ಮರಿಗಳ ತೆರೆದ ಬಾಯಿ ದೀಪದ ಕುಡಿಯ ಹಾಗೆ ಹೊಳೆಯುತ್ತಿದ್ದವು. ದೂರದಿಂದಲೇ ಒಂದೇ ಒಂದು ಫೋಟೋ ತೆಗೆದು, ಮನಸ್ಸಿನಲ್ಲೇ ಕೈಮುಗಿದು ಬಂದಿದ್ದಳು.

ಅದನ್ನು ಹಾಕಿದ ದಿನವೇ 'ನೆರಳುಮರ' ಎಂಬ, ಆ ಸೈಟಿನ ನಿಯಮ ಕಾಯುವ ಮಾಡರೇಟರ್ ಎಲ್ಲರೆದುರು ಬರೆದ: "ಕಾಫಿ ತೋಟದಲ್ಲಿ ಇಂಥ ಬಿಸಿಲು ಗೂಡಿನ ಮೇಲೆ ತಾನಾಗಿ ಬೀಳುವುದಿಲ್ಲ. ಫೋಟೋಕ್ಕಾಗಿ ಕೊಂಬೆ ಕಡಿಯುವವರಿಗೆ ಇಲ್ಲಿ ಜಾಗವಿಲ್ಲ." ಅವನು ಕಾಡು ತೋಟ ಎಲ್ಲ ಬಲ್ಲವನೆಂದು ಅಲ್ಲಿ ಹೆಸರಾಗಿದ್ದ. ಫೋಟೋ ಮಾಯವಾಯಿತು. ಆ ಜಾಗದಲ್ಲಿ 'ನಿಯಮ ಮೀರಿದ್ದರಿಂದ ತೆಗೆದುಹಾಕಲಾಗಿದೆ' ಎಂಬ ಸಾಲು ಉಳಿಯಿತು. ಅದರ ಕೆಳಗೆ ಜನ ಸಾಲುಗಟ್ಟಿದರು. ನಿನ್ನೆಯವರೆಗೆ 'ಸೂಪರ್' ಎಂದವರೇ ಛೀ ಎಂದರು.

"ನಾನು ಕಡಿದಿಲ್ಲ. ಮರಗಸಿ ಆಗಿತ್ತು," ಎಂದು ಅವಳು ಒಂದು ಸಾಲು ಬರೆದಳು.

"ಹಾಗಾದರೆ ಜಾಗ ಹೇಳಿ. ನಾವೇ ಬಂದು ನೋಡುತ್ತೇವೆ," ಎಂದು ಉತ್ತರ ಬಂತು.

ಹೇಳಿದ್ದರೆ ಅವಳ ಹೆಸರು ಉಳಿಯುತ್ತಿತ್ತು. ಗೂಡು ಉಳಿಯುತ್ತಿರಲಿಲ್ಲ. ಹೇಮಶ್ರೀ ಕಂಪ್ಯೂಟರ್ ಆಫ್ ಮಾಡಿದಳು. ಉದ್ದನೆಯ ಲೆನ್ಸನ್ನು ಬಟ್ಟೆಯಲ್ಲಿ ಸುತ್ತಿ ಮೇಲಿನ ಅಟ್ಟಕ್ಕಿಟ್ಟಳು. ಮತ್ತೆ ಆ ಜಗಲಿ ಹತ್ತಲಿಲ್ಲ, ಕ್ಯಾಮೆರಾ ಹಿಡಿದು ಕಾಡಿನ ಕಡೆಗೂ ಹೋಗಲಿಲ್ಲ.

ಈಗ, ನಾಲ್ಕನೆಯ ಸಲ, ಪ್ರತಾಪ್ ಸ್ಟೂಲಿನ ಮೇಲೆ ಕೂತವನು ಕ್ಯಾಮೆರಾ ಮುಂದಿನಿಂದ ಎದ್ದುಬಿಟ್ಟ.

"ಹೇಮಾವ್ರೆ, ನಂಗೆ ಫೋಟೋ ಬೇಕಿರಲಿಲ್ಲ."

"ಗೊತ್ತು," ಎಂದಳು ಅವಳು. ಒಳ್ಳೆಯ ಸೀರೆ ಉಟ್ಟಿದ್ದರೆ ಚೆನ್ನಾಗಿತ್ತು ಎಂದು ಅನ್ನಿಸಿತು.

"ನೆರಳುಮರ ಅಂದ್ರೆ ನಾನೇ."

ಹೊರಗೆ ಬಸ್ಸೊಂದು ಹಾರ್ನ್ ಮಾಡಿತು. ಹೇಮಶ್ರೀ ಲೈಟುಗಳನ್ನು ಒಂದೊಂದಾಗಿ ಆರಿಸಿದಳು.

ಅವನು ತಲೆತಗ್ಗಿಸಿಕೊಂಡೇ ಹೇಳಿದ. ಆಗಸ್ಟಿನಲ್ಲಿ ಕಳೆ ತೆಗೆಸುತ್ತಿದ್ದಾಗ ಬೇಲಿಕಲ್ಲಿನ ಪಕ್ಕ ಒಣಗಿದ ಗೂಡು ಕಂಡಿತಂತೆ. ಪಾಚಿ ಹಿಡಿದ ಆ ಕಲ್ಲನ್ನು ಯಾವುದೋ ಫೋಟೋದಲ್ಲಿ ನೋಡಿದ್ದೇನಲ್ಲ ಎನ್ನಿಸಿತಂತೆ. ತಲೆಯೆತ್ತಿದರೆ, ಮೇಲೆ ಕೊಂಬೆ ಕಳೆದುಕೊಂಡ ಹಾಲುವಾಣ. "ತೋಟದ ಆಳು ತಿಮ್ಮಯ್ಯನಿಗೆ ಹೇಳಿ ಅದನ್ನ ಕಡಿಸಿದ್ದೇ ನಾನು. ವರ್ಷಾ ವರ್ಷ ಮರಗಸಿ ಮಾಡ್ಸೋನು, ಬಿಸಿಲು ಎಲ್ಲಿಂದ ಬಂತು ಅಂತ ನಂಗೇ ಹೊಳೀಲಿಲ್ಲ. ಆ ಹೊತ್ತಲ್ಲಿ ತೋಟಕ್ಕೆ ಕ್ಯಾಮೆರಾ ಬಂದಿದ್ದು ನಾಮಕರಣಕ್ಕೆ ಮಾತ್ರ. ಫೋಟೋ ತೆಗೆದೋರು ಯಾರು ಅಂತ ಲೈನಿನ ಚಿನ್ನಮ್ಮನ್ನ ಕೇಳ್ದೆ. ಆಲೂರು ಸ್ಟುಡಿಯೋ ಹೇಮವ್ವ ಅಂದ್ಳು."

"ಮೊದಲನೇ ದಿನಾನೇ ಹೇಳಬಹುದಿತ್ತು."

"ಹೇಳೋಕೆ ಅಂತಾನೇ ಬಂದೆ. ನೀವು ಗದ್ದ ಎತ್ತಿ ಅಂದ್ರಿ…"

"ಎತ್ತಿದ್ರಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದಿನವಿಡೀ ನಡೆದವಳ ಆಯಾಸವಿತ್ತು. "ನಾನು ನಗ್ತಾ ಇದ್ದೆ. ಅದನ್ನೂ ನೋಡ್ಕೊಂಡು ಕೂತಿದ್ರಿ."

"ತಪ್ಪಾಯ್ತು ಹೇಮಾವ್ರೆ. ನಿಮಗೆ ಮೆಸೇಜಲ್ಲೂ ಬರೀತೀನಿ."

"ಬೈಯೋವಾಗ ನನಗೊಬ್ಬಳಿಗೇ ಬೈದ್ರಾ?"

ಅವನು ಸ್ಟೂಲನ್ನು ಗೋಡೆಯ ಕಡೆ ಸರಿಸಿದ.

"ಊರೆಲ್ಲ ಕೇಳೋ ಹಂಗೆ ಅಂದ್ಬುಟ್ಟು, ಕಿವೀಲಿ ಬಂದು ತಪ್ಪಾಯ್ತು ಅಂದ್ರೆ ಹೆಂಗ್ರೀ? ಎಲ್ಲಿ ಅಂದ್ರೋ ಅಲ್ಲೇ ಅನ್ನಿ."

"ಅಲ್ಲಿ ನನ್ನ ಮಾತಿಗೆ ಒಂದು ಬೆಲೆ ಐತೆ," ಎಂದ ಅವನು, ತೀರ ಸಣ್ಣ ದನಿಯಲ್ಲಿ. "ನಾನು ರೈಟರ್ ಅಂತ ಯಾರಿಗೂ ಗೊತ್ತಿಲ್ಲ. ದೊಡ್ಡ ಪಂಡಿತ ಅಂದ್ಕೊಂಡವ್ರೆ. ಕೆಲಸ ಮುಗಿಸಿ ಕ್ವಾರ್ಟರ್ಸಿಗೆ ಬಂದ್ರೆ ಮಾತಾಡ್ಸೋಕೆ ನಂಗೆ ಬೇರೆ ಯಾರಿದಾರೆ?"

"ನಂಗೆ ಮಾತ್ರ ಯಾರಿದ್ರು?"

ಮಹಾದೇವಯ್ಯ ಬೆಂಚಿನ ಮೇಲೆ ಕಣ್ಣು ಮುಚ್ಚಿಕೊಂಡು ಕೂತಿದ್ದ, ಬೆರಳುಗಳು ರುದ್ರಾಕ್ಷಿಯ ಮೇಲೆ ನಿಂತೇ ಹೋಗಿದ್ದವು. ಪ್ರತಾಪ್ ಇಬ್ಬರಿಗೂ ಕೈಮುಗಿದು ಹೊರಟುಹೋದ.

ಆ ವಾರ ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ. ಹೇಮಶ್ರೀ ಬಂದವರ ಗದ್ದ ಎತ್ತಿಸಿದಳು, ಇಳಿಸಿದಳು. ಡ್ರಾಯರಿನಲ್ಲಿದ್ದ ಫೋಟೋವನ್ನು ಹರಿಯಬೇಕೆಂದು ತೆಗೆದಳು, ನೋಡಿದಳು, ಒಳಗಿಟ್ಟಳು. ಮರುದಿನವೂ ಹರಿಯಲೆಂದೇ ತೆಗೆದಳು.

"ಕಾಫಿಪುಡಿ ಮುಗೀತಾ ಬಂತು," ಎಂದ ಮಹಾದೇವಯ್ಯ, ಯಾರಿಗೂ ಅಲ್ಲದ ಹಾಗೆ.

"ಅಂಗಡೀಲಿ ತಂದರಾಯ್ತು ಬಿಡಪ್ಪ."

"ತರಬಹುದು ಕಣವ್ವ. ಅದು ಅಂಗಡೀದು ಆಯ್ತದೆ, ಅಷ್ಟೇಯ."

ದಸರೆಯ ಹಿಂದಿನ ದಿನಗಳ ಒಂದು ಮಧ್ಯಾಹ್ನ, ಮಂಜು ಹರಿದು ರಸ್ತೆಯ ಮೇಲೆ ತೆಳುಬಿಸಿಲು ಬಿದ್ದಿದ್ದಾಗ, ಅವನು ಬಂದ. ಗಡ್ಡ ಬೆಳೆದಿತ್ತು. ಸ್ಟೂಲಿನ ಕಡೆ ನೋಡಲಿಲ್ಲ.

"ನಿಮ್ಮ ಕಂಪ್ಯೂಟರ್ ಸ್ವಲ್ಪ ಬೇಕಿತ್ತು. ಎಸ್ಟೇಟ್ ಆಫೀಸಿನಿಂದಲೂ ಬರೀಬಹುದಿತ್ತು. ನಿಮ್ಮ ಬೆನ್ನ ಹಿಂದೆ ಬರೆಯೋದು ಬ್ಯಾಡ ಅನ್ನಿಸ್ತು."

ಅವಳು ಕುರ್ಚಿ ಬಿಟ್ಟು ಎದ್ದಳು. ಅವನು ಎರಡೇ ಬೆರಳಿನಲ್ಲಿ ಟೈಪ್ ಮಾಡಿದ. ತಡೆದು ತಡೆದು, ಅಳಿಸಿ, ಮತ್ತೆ ಬರೆದ. ಅಷ್ಟರಲ್ಲಿ ಯಾರೋ ರೇಷನ್ ಕಾರ್ಡಿಗೆ ಫೋಟೋ ತೆಗೆಸಿಕೊಂಡು ಹೋದರು. ಕೊನೆಗೆ ಅವನು ಎದ್ದು, ಕುರ್ಚಿಯನ್ನು ಅವಳ ಕಡೆ ಸರಿಸಿ, ಪಕ್ಕಕ್ಕೆ ನಿಂತ.

ಫೋಟೋ ಮರಳಿ ಬಂದಿತ್ತು. ಅದೇ ಜಾಗದಲ್ಲಿ, ಅವಳ ಹೆಸರಿನ ಕೆಳಗೆ, ಅದೇ ಒಂದು ಹಿಡಿ ಬಿಸಿಲು. ಅದರ ಕೆಳಗೆ ಹೊಸ ಸಾಲುಗಳು:

"ಹೇಮಶ್ರೀಯವರ ಮೇಲೆ ನಾನು ಹೊರಿಸಿದ ಆರೋಪ ಸುಳ್ಳು. ಆ ಕೊಂಬೆ ಕಡಿಸಿದವನು ನಾನು. ನಾನು ಒಂದು ಕಾಫಿ ತೋಟದ ರೈಟರ್. ಮರಗಸಿಗೆ ಮುಂಚೆ ಕೆಳಗೆ ಗೂಡಿದೆಯೇ ಎಂದು ನೋಡಲಿಲ್ಲ. ಜಾಗ ಹೇಳಿದ್ದರೆ ಅವರು ಅಂದೇ ಪಾರಾಗುತ್ತಿದ್ದರು. ಗೂಡಿಗಾಗಿ ಸುಮ್ಮನಿದ್ದರು. ಮೊದಲು ಅವರೊಬ್ಬರನ್ನೇ ಕೇಳಬೇಕೆಂಬ ನಮ್ಮ ನಿಯಮವನ್ನು ನಾನೇ ಮುರಿದೆ. ಇಂದಿನಿಂದ ನಾನು ಮಾಡರೇಟರ್ ಅಲ್ಲ. ಪ್ರತಾಪ್."

ಓದುತ್ತಿದ್ದಂತೆ ಅಕ್ಷರಗಳು ಮಸುಕಾದವು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಓದಿದಳು.

"ಯಾರು ಏನಂತಾರೆ ಅಂತ ನೋಡ್ಕೊಂಡು ಹೋಗಲ್ವಾ?" ಎಂದಳು.

"ಅದಕ್ಕಲ್ಲ ಬರೆದದ್ದು." ಗೂಡಿನ ಫೋಟೋ ನೋಡುತ್ತ ಕೇಳಿದ, "ಆ ಮರಿಗಳು… ಹಾರಿದ್ವಾ?"

"ಹಾರಿದ್ವು. ಹತ್ತಿರ ಹೋಗ್ಲಿಲ್ಲ. ದೂರದಿಂದ ನೋಡ್ಬಂದೆ. ಹೇಳ್ಕೊಳೋಕೆ ಯಾರೂ ಇರ್ಲಿಲ್ಲ."

"ಈಗ ಹೇಳಿದ್ರಲ್ಲ."

ಅವನು ಬಾಗಿಲ ಕಡೆ ತಿರುಗಿದ. ಆ ಸುರುಳಿ ಕೂದಲು ಬಿಸಿಲಿಗೆ ಎದ್ದು ನಿಂತಿತ್ತು.

"ನಿಲ್ಲಿ," ಎಂದಳು ಹೇಮಶ್ರೀ.

ಡ್ರಾಯರ್ ಎಳೆದಳು. ಫಿಲ್ಮ್ ಡಬ್ಬಿಗಳ ನಡುವಿನಿಂದ ಒಂದು ಸಣ್ಣ ಫೋಟೋ ತೆಗೆದು ಕೌಂಟರಿನ ಮೇಲಿಟ್ಟು, ಬೆರಳ ತುದಿಯಿಂದ ಅವನ ಕಡೆ ಸರಿಸಿದಳು.

"ಎಂಟಕ್ಕೆ ದುಡ್ಡು ಕೊಟ್ಟಿದ್ರಿ. ಒಂದು ನನ್ನ ಹತ್ರ ಉಳ್ಕೊಂಡಿತ್ತು."

ಪ್ರತಾಪ್ ಅದನ್ನು ಎತ್ತಿಕೊಂಡ. ಫೋಟೋದಲ್ಲಿ ಅವನ ಕಣ್ಣು ತೆರೆದಿದ್ದವು. ನಾಲ್ಕೂ ಅಂಚು, ದಿನಾ ಯಾರೋ ಹಿಡಿದು ನೋಡಿದ ಹಾಗೆ, ಸವೆದು ಮೆತ್ತಗಾಗಿದ್ದವು.