ಬ್ಯಾಟರಿ ಕೋಣೆಯ ಬೀಗದ ಕೈ

ಬ್ಯಾಟರಿ ಕೋಣೆಯ ಬೀಗದ ಕೈ ಅಬ್ದುಲ್ ಶುಕೂರನ ಸೊಂಟದ ಅಗಲ ಬೆಲ್ಟಿಗೆ ಸೇರಿದ ದಿನದಿಂದ ಅಭಯಚಂದ್ರನಿಗೆ ಊಟ ರುಚಿಸುತ್ತಿರಲಿಲ್ಲ.

ಗುರುವಾಯನಕೆರೆಯ ಗುಡ್ಡದ ಮೇಲಿನ ಆ ಕಾಲೇಜು ಹಂಚಿನ ಮಾಡಿನ ಎರಡು ಕೋಣೆಗಳಾಗಿದ್ದ ಕಾಲದಿಂದ ಭೌತಶಾಸ್ತ್ರ ವಿಭಾಗದ ಯಂತ್ರಗಳನ್ನು ನೋಡಿಕೊಂಡು ಬಂದವನು ಅವನು. ವಿದ್ಯುತ್ ಕಂಬಗಳು ಗುಡ್ಡ ಹತ್ತಿದ್ದರೂ ಕರೆಂಟು ಬರುತ್ತಿದ್ದದ್ದು ಅದಕ್ಕೆ ಮನಸ್ಸು ಬಂದಾಗ. ಹಾಗಾಗಿ ವಿಭಾಗದ ಗಂಟೆ, ದೀಪ, ಹುಡುಗರ ಪ್ರಯೋಗಗಳು ಎಲ್ಲವೂ ನಡೆಯುತ್ತಿದ್ದದ್ದು ಆ ಒಂದು ಕೋಣೆಯಿಂದ. ಅಲ್ಲಿ ಮರದ ಹಲಗೆಗಳ ಮೇಲೆ ಗಾಜಿನ ಪೆಟ್ಟಿಗೆಯ ಬ್ಯಾಟರಿಗಳು ಸಾಲಾಗಿ ಕೂತಿದ್ದವು. ಪಕ್ಕದ ಶೆಡ್ಡಿನ ಎಣ್ಣೆ ಇಂಜಿನ್ ಅವುಗಳಿಗೆ ಕರೆಂಟು ತುಂಬುತ್ತಿತ್ತು. ಕೋಣೆ ನಿಂತರೆ ವಿಭಾಗ ನಿಂತಂತೆ.

ವಿಶ್ವವಿದ್ಯಾಲಯದವರು ಬಿ.ಎಸ್ಸಿ. ತರಗತಿಗೆ ಒಪ್ಪಿಗೆ ಕೊಟ್ಟರೆ ವಿಭಾಗಕ್ಕೆ ಒಂದು ಖಾಯಂ ಮೆಕ್ಯಾನಿಕ್ ಹುದ್ದೆ ಬರುತ್ತದೆ ಎಂಬ ಮಾತಿತ್ತು. ಆ ಹುದ್ದೆ ತನ್ನದೆಂದು ಅಭಯಚಂದ್ರ ಮನಸ್ಸಿನಲ್ಲೇ ಬರೆದಿಟ್ಟುಕೊಂಡಿದ್ದ. ಹೆಂಡತಿ ವಿಮಲಾಳ ತವರಿನವರಿಗೂ ಹೇಳಿಯಾಗಿತ್ತು. ಮಳೆಗಾಲದಲ್ಲಿ ಇಂಜಿನ್ ಹಲವು ಸಲ ಕೈಕೊಟ್ಟು ಹುಡುಗರು ಕತ್ತಲಲ್ಲಿ ಕೂತದ್ದು ನಿಜ. ಆದರೆ ಅದು ಇಂಜಿನಿನ ದೋಷ, ನೋಡಿಕೊಂಡವನದ್ದಲ್ಲ ಎಂದು ಅವನು ದೃಢವಾಗಿ ನಂಬಿದ್ದ.

ಅದೇ ಮಳೆಗಾಲದಲ್ಲಿ ವಿಭಾಗದ ಮುಖ್ಯಸ್ಥ ಲೋಕನಾಥ ಸರ್ ಬರುತ್ತಿದ್ದ ಬಸ್ಸು ಬಂಟ್ವಾಳದ ಹತ್ತಿರ ಕೆಟ್ಟು ನಿಂತಿತು. ಬಸ್ ಶೆಡ್ಡಿನಿಂದ ಬಂದ ಒಬ್ಬ ಮೆಕ್ಯಾನಿಕ್ ಸತ್ತ ಬ್ಯಾಟರಿಯನ್ನು ಅಲ್ಲೇ ಬದುಕಿಸಿ ಬಸ್ಸು ಹೊರಡಿಸಿದ. ತಿಂಗಳು ಕಳೆಯುವುದರೊಳಗೆ ಅವನೇ ಕಾಲೇಜಿನ ಮೆಟ್ಟಿಲು ಹತ್ತಿ ಬಂದ.

“ಅಭಯಚಂದ್ರ, ನೀನು ಪ್ರಯೋಗದ ಸಾಮಾನು ನೋಡಿಕೋ,” ಎಂದರು ಲೋಕನಾಥ ಸರ್. “ಕರೆಂಟಿನ ವಿಷಯ ಇನ್ನು ಶುಕೂರ್ ನೋಡ್ತಾನೆ. ಅವನಿಗೆ ಕೈಗುಣ ಉಂಟು.”

ಕೈಗುಣ. ಎಸ್.ಎಸ್.ಎಲ್.ಸಿ. ಪಾಸಾದವನ ಮುಂದೆ, ರುಜು ಹಾಕಲು ಪೆನ್ನನ್ನು ಸ್ಪಾನರಿನ ಹಾಗೆ ಹಿಡಿಯುವವನ ಕೈಗುಣ. ಅಭಯಚಂದ್ರ “ಆಯ್ತು ಸರ್” ಎಂದು ಬೀಗದ ಕೈಯನ್ನು ಕೊಟ್ಟುಬಿಟ್ಟ.

ಎಲ್ಲಕ್ಕಿಂತ ಹೆಚ್ಚು ಉರಿದದ್ದು ಶುಕೂರ್ ಒಳ್ಳೆಯವನಾಗಿದ್ದದ್ದು. ಕೆಟ್ಟವನಾಗಿದ್ದರೆ ದ್ವೇಷಕ್ಕೆ ಇಷ್ಟು ಕಷ್ಟಪಡಬೇಕಿರಲಿಲ್ಲ. ಸೋಮವಾರ ಬಂಟ್ವಾಳದಿಂದ ಬರುವಾಗ ಒಂದು ಚಿಪ್ಪು ಕದಳಿ ಬಾಳೆಹಣ್ಣು ತಂದು ಮೇಜಿನ ಮೂಲೆಯಲ್ಲಿಡುತ್ತಿದ್ದ.

“ನಮ್ಮ ಮನೆದು ನೀವು ಎಂತ ಸಹ ತಿನ್ನುದಿಲ್ಲ ಅಭಯಣ್ಣ. ಹಣ್ಣಿನ ಸಿಪ್ಪೆ ನೀವೇ ತೆಗೆಯುದಲ್ವಾ, ತೊಂದರೆ ಇಲ್ಲ.”

ಅಭಯಚಂದ್ರ ನಕ್ಕು ತೆಗೆದುಕೊಳ್ಳುತ್ತಿದ್ದ. ಮನೆಗೆ ಹೋಗುವ ದಾರಿಯಲ್ಲಿ ಯಾರದೋ ದನಕ್ಕೆ ತಿನ್ನಿಸುತ್ತಿದ್ದ.

ವಿಶ್ವವಿದ್ಯಾಲಯದ ಕಮಿಷನ್ ಶನಿವಾರ ಬರುತ್ತದೆಂದು ಗೊತ್ತಾದಾಗ ಯೋಚನೆ ತಾನಾಗಿಯೇ ಮೊಳಕೆಯೊಡೆಯಿತು. ಅವನು ಅದನ್ನು ಅವಸರದಲ್ಲಿ ಬೆಳೆಸಲಿಲ್ಲ. ಕೆಟ್ಟ ಕೆಲಸ ಮಾಡುವವರು ಸಿಕ್ಕಿಬೀಳುವುದು ತಾವೇ ಎಲ್ಲವನ್ನೂ ಮಾಡಲು ಹೋಗುವುದರಿಂದ ಎಂದು ಅವನಿಗೆ ಅನಿಸಿತ್ತು. ತಾನು ಬ್ಯಾಟರಿಗಳನ್ನು ಮುಟ್ಟಬಾರದು. ಅವನ್ನು ಕೆಡಿಸುವವನು ಶುಕೂರನೇ ಆಗಬೇಕು, ಎಲ್ಲರ ಕಣ್ಣೆದುರಿಗೆ, ತನ್ನದೇ ಕೈಯಿಂದ.

ಅದಕ್ಕೆ ದಾರಿಯಿತ್ತು. ಬ್ಯಾಟರಿಗಳಲ್ಲಿ ನೀರು ಇಳಿದರೆ ಮಂಗಳೂರಿನಿಂದ ತರಿಸಿದ ಬಟ್ಟಿ ಇಳಿಸಿದ ನೀರನ್ನೇ ಹಾಕಬೇಕು. ಅದು ದೊಡ್ಡ ಗಾಜಿನ ಜಾಡಿಯಲ್ಲಿ ಬಸ್ಸಿನ ತಲೆಯ ಮೇಲೆ ಬರುತ್ತಿತ್ತು. ಬೇರೆ ನೀರು ಬಿದ್ದರೆ ಬ್ಯಾಟರಿ ನಿಧಾನ ಸಾಯುತ್ತದೆ. ಉಪ್ಪು ಬೆರೆತ ನೀರು ಬಿದ್ದರೆ, ಇಂಜಿನ್ ಚಾಲೂ ಆದ ಕೂಡಲೇ ಮೂಗು ಸುಡುವ ಹೊಗೆ ಎದ್ದು, ಸೀಸದ ತಟ್ಟೆಗಳು ಕೆಡತೊಡಗುತ್ತವೆ. ಶುಕೂರ್ ದೊಡ್ಡ ಕೆಲಸವಿರುವ ದಿನ ಬೆಳಿಗ್ಗೆ ಎಲ್ಲ ಬ್ಯಾಟರಿಗಳಿಗೆ ನೀರು ತುಂಬಿಸಿಯೇ ಇಂಜಿನ್ ತಿರುಗಿಸುವವನು. ಜಾಡಿಯ ನೀರು ಬದಲಾದರೆ ಸಾಕು.

ಕಾಲೇಜಿನ ಹಿಂದೆ, ಕೈಕಾಲು ತೊಳೆಯಲೆಂದು ಕೆರೆಯಿಂದ ಹೊತ್ತು ತಂದ ನೀರು ತುಂಬಿಸುವ ತೊಟ್ಟಿಯಿತ್ತು. ಉಪ್ಪು ಅವನ ಮನೆಯಲ್ಲೇ ಇತ್ತು. ಆಮೇಲೆ ಯಾರಾದರೂ ಜಾಡಿಯ ನೀರನ್ನು ಪರೀಕ್ಷಿಸಿದರೆ? ಪರೀಕ್ಷಿಸಲಿ. ಕೆಮಿಸ್ಟ್ರಿಯವರು ಮದ್ದಿನ ಒಂದು ಹನಿ ಬಿಟ್ಟರೆ ಒಳ್ಳೆಯ ನೀರು ತಿಳಿಯಾಗಿಯೇ ಉಳಿಯುತ್ತದೆ, ಈ ನೀರು ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಮಂಗಳೂರಿಗೆ ಹೋಗುವ ಸೋಮಾರಿತನಕ್ಕೆ ಬಸ್ ಶೆಡ್ಡಿನವನು ತೊಟ್ಟಿಯ ನೀರು ತುಂಬಿಸಿದ ಎಂದು ಎಲ್ಲರೂ ಅವರವರೇ ಲೆಕ್ಕ ಹಾಕಿಕೊಳ್ಳುತ್ತಾರೆ.

ಆ ಲೆಕ್ಕಕ್ಕೆ ಬೇಕಾದ ಗೊಬ್ಬರವನ್ನು ಅವನು ವಾರ ಮೊದಲೇ ಹಾಕಿದ. ಕಾಲೇಜಿನ ಜವಾನ ಕುಶಾಲಪ್ಪನ ಕಿವಿಗೆ ಹಾಕಿದ ಮಾತು ಮೈಕಿಗೆ ಹಾಕಿದ ಹಾಗೆ.

“ಬಸ್ಸಿನವರಿಗೆ ಯಾವ ನೀರಾದ್ರೂ ನೀರೇ ಮಾರಾಯ,” ಎಂದ ಅಭಯಚಂದ್ರ, ಬೀಡಿ ಸೇದುತ್ತಿದ್ದ ಕುಶಾಲಪ್ಪನ ಪಕ್ಕ ನಿಂತು. “ದಾರಿಯಲ್ಲಿ ತೋಡು ಕಂಡ್ರೆ ತೋಡಿನದ್ದು ಹಾಕ್ತಾರೆ.”

“ಹಾಗಾದ್ರೆ ನಮ್ಮ ಹಾಲಿನವನೇ ವಾಸಿ,” ಎಂದ ಕುಶಾಲಪ್ಪ. “ಅವನು ಬಾವಿದೇ ಹಾಕುದು.”

ಸಂಜೆಯೊಳಗೆ ಆ ಮಾತು ಗುಮಾಸ್ತರ ಕೋಣೆಯಲ್ಲಿ ನಗೆ ಎಬ್ಬಿಸಿತ್ತು.

ಇನ್ನು ಬೀಗ. ಆ ಬೀಗಕ್ಕೆ ಎರಡು ಕೈಗಳಿದ್ದವು. ಒಂದು ಬಹಳ ಹಿಂದೆಯೇ ಕಳೆದುಹೋಗಿತ್ತು. ಅದಕ್ಕಾಗಿ ಅಭಯಚಂದ್ರ ಎಲ್ಲರ ಮುಂದೆ ಬೈಸಿಕೊಂಡೂ ಇದ್ದ. ಆಮೇಲೊಂದು ದಿನ ಇಂಜಿನಿನ ಅಡಿಯ ಮಸಿಯಲ್ಲಿ ಅದು ಸಿಕ್ಕಿತು. ಬೈಸಿಕೊಂಡಾದ ಮೇಲೆ ಸಿಕ್ಕಿದ್ದನ್ನು ಯಾರಿಗೆ ಹೇಳುವುದು ಎಂದು ಸುಮ್ಮನಿದ್ದ. ಅಂದಿನ ಸಣ್ಣ ಸಿಟ್ಟು ಇಂದು ಕೆಲಸಕ್ಕೆ ಬಂತು. ಲೋಕ ಬಲ್ಲಂತೆ ಆ ಕೋಣೆಗೆ ಇರುವುದು ಒಂದೇ ಕೈ, ಅದು ಶುಕೂರನ ಬೆಲ್ಟಿನಲ್ಲಿ.

ಯೋಜನೆಯ ಅತ್ಯಂತ ಚಂದದ ಭಾಗವನ್ನು ಅವನು ಮತ್ತೆ ಮತ್ತೆ ಚಪ್ಪರಿಸುತ್ತಿದ್ದ. ಕಮಿಷನ್ ಒಪ್ಪಿಗೆ ಕೊಡದೆ ಹೋದರೆ ಹುದ್ದೆಯೇ ಹುಟ್ಟುವುದಿಲ್ಲ. ಆದ್ದರಿಂದ ವಿಭಾಗ ಬೀಳಬೇಕು, ಬಿದ್ದ ಕೂಡಲೇ ಏಳಬೇಕು, ಎಬ್ಬಿಸುವ ಕೈ ತನ್ನದಾಗಿರಬೇಕು. ಲೋಕನಾಥ ಸರ್ ಮೂಲೆಗೆ ಹಾಕಿಸಿದ್ದ ಹಳೆಯ ಬ್ಯಾಟರಿಗಳನ್ನು ಅವನು ಮಕ್ಕಳಿಗೆ ಬಿಚ್ಚಿ ತೋರಿಸುವ ನೆಪದಲ್ಲಿ ಇಟ್ಟುಕೊಂಡಿದ್ದ. ಕರೆಂಟು ಬಂದಾಗಲೆಲ್ಲ ಅವಕ್ಕೆ ಸ್ವಲ್ಪ ಸ್ವಲ್ಪವಾಗಿ ಜೀವ ತುಂಬಿದ. ಒಂದು ಗಂಟೆಯ ಪ್ರದರ್ಶನಕ್ಕೆ ಅಷ್ಟು ಸಾಕು.

ಶುಕ್ರವಾರ ಮಧ್ಯಾಹ್ನ ಶುಕೂರ್ ಕೋಣೆಗೆ ಬೀಗ ಹಾಕಿ, ತಲೆಗೆ ಬಿಳಿ ಟೊಪ್ಪಿ ಇಟ್ಟುಕೊಂಡು ಜುಮ್ಮಾ ನಮಾಜಿಗೆ ಗುಡ್ಡ ಇಳಿದ. ಉಳಿದವರು ಮುಂದಿನ ಗೇಟಿಗೆ ಮಾವಿನ ತೋರಣ ಕಟ್ಟುತ್ತಿದ್ದರು.

“ಅಭಯಣ್ಣ, ನೀವು ಊಟ ಮಾಡಿ ಬನ್ನಿ,” ಎಂದು ಕುಶಾಲಪ್ಪ ಏಣಿಯ ಮೇಲಿಂದ ಕೂಗಿದ್ದ. “ಹಸಿದವರು ಕಟ್ಟಿದ ತೋರಣ ಅಡ್ಡಡ್ಡ ಬರ್ತದೆ.”

ಅಭಯಚಂದ್ರ ಊಟದ ಚೀಲ ಹಿಡಿದು ಹಿಂದುಗಡೆ ಹೋದ. ಬೀಗ ತೆರೆದು, ಜಾಡಿಯ ನೀರನ್ನು ಹಿಂಬದಿಯ ಚರಂಡಿಗೆ ಚೆಲ್ಲಿದ. ತೊಟ್ಟಿಯಿಂದ ಕೊಡಪಾನದಲ್ಲಿ ನೀರು ತಂದು ತುಂಬಿಸಿದ, ಪೊಟ್ಟಣದ ಉಪ್ಪನ್ನು ಕೊಡಪಾನದಲ್ಲೇ ಕರಗಿಸಿ ಸುರಿದ. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು, ಮನಸ್ಸು ಆಗಲೇ ಮರುದಿನಕ್ಕೆ ಹೋಗಿತ್ತು. ಲೋಕನಾಥ ಸರ್ ಏನು ಹೇಳಬಹುದು, ತಾನು ಎಷ್ಟು ವಿನಯದಿಂದ ತಲೆ ತಗ್ಗಿಸಬೇಕು, ಎಷ್ಟು ಹೊತ್ತು ಬಿಟ್ಟು ತಲೆ ಎತ್ತಬೇಕು. ಅಷ್ಟರಲ್ಲಿ ಗೇಟಿನ ಕಡೆಯಿಂದ ಯಾರೋ ಅವನ ಹೆಸರು ಕರೆದರು. ಜಾಡಿಯ ಮೇಲೆ ಮರದ ಮುಚ್ಚಳ ಇಟ್ಟು, ಬೀಗ ಹಾಕಿ, ತೋರಣ ಕಟ್ಟಲು ಹೋದ. ಅವನು ಕಟ್ಟಿದ ಬದಿ ಅಡ್ಡಡ್ಡ ಬರಲಿಲ್ಲ.

ಆ ಸಂಜೆ ಮನೆಗೆ ಹೋಗುತ್ತ ಬೀಗದ ಕೈಯನ್ನು ಕೆರೆಗೆ ಎಸೆದ. ಸೂರ್ಯ ಮುಳುಗುವ ಮೊದಲು ಊಟಕ್ಕೆ ಕೂತಾಗ ಬಹಳ ದಿನಗಳ ಮೇಲೆ ಎರಡನೆಯ ಸಲ ಅನ್ನ ಕೇಳಿದ. ವಿಮಲಾ ಬಡಿಸುತ್ತ ಕೇಳಿದಳು:

“ಎಂತ, ಇವತ್ತು ಹಸಿವು ಉಂಟು?”

“ನಾಳೆ ಹೇಳ್ತೇನೆ.”

ಶನಿವಾರ ಎಲ್ಲವೂ ಹೇಳಿ ಮಾಡಿಸಿದಂತೆ ನಡೆಯಿತು. ಶುಕೂರ್ ಬೆಳಿಗ್ಗೆ ರಬ್ಬರು ಕೊಳವೆ ಹಿಡಿದು ಒಂದೊಂದೇ ಬ್ಯಾಟರಿಗೆ ನೀರು ತುಂಬಿಸುತ್ತಿದ್ದದ್ದನ್ನು ಬಾಗಿಲ ಬಳಿ ಹಾದುಹೋದ ಲೋಕನಾಥ ಸರ್ ಅವರೇ ನೋಡಿದರು, “ಭೇಷ್” ಅಂದರು. ಕಮಿಷನ್ನಿನ ಹಿರಿಯರು ಪ್ರಯೋಗಶಾಲೆಗೆ ಬಂದು ಕೂತರು. ಕಿಟಕಿಗಳಿಗೆ ಪರದೆ ಎಳೆದರು. ಗೋಡೆಯ ಮೇಲೆ ಬೆಳಕಿನ ಚುಕ್ಕೆಯೊಂದು ಓಡಾಡಿ ಕರೆಂಟಿನ ಅಳತೆ ತೋರಿಸಬೇಕಿತ್ತು. ಅದು ಸ್ವಲ್ಪ ಓಡಾಡಿತು, ನಡುಗಿತು, ಆರಿಹೋಯಿತು. ಹಿಂದೆಯೇ ಬಾಗಿಲ ಸಂದಿನಿಂದ ಗಂಟಲು ಹಿಡಿಯುವ ವಾಸನೆ ಬಂತು. ಹಿರಿಯರಲ್ಲೊಬ್ಬರು ಕರವಸ್ತ್ರ ಮೂಗಿಗೆ ಒತ್ತಿಕೊಂಡರು. ಹೊರಗೆ ಶುಕೂರ್ ಕೆಮ್ಮುತ್ತ ಇಂಜಿನ್ ನಿಲ್ಲಿಸುತ್ತಿದ್ದ.

ಅಭಯಚಂದ್ರ ಓಡಲಿಲ್ಲ. ಓಡಿದರೆ ತಯಾರಾಗಿದ್ದ ಹಾಗೆ ಕಾಣುತ್ತದೆ. “ಸರ್, ಹಳೆಯ ಬ್ಯಾಟರಿಗಳನ್ನು ಒಮ್ಮೆ ಕೊಟ್ಟು ನೋಡಲಾ?” ಎಂದು ಮೆಲ್ಲಗೆ ಕೇಳಿದ. ಲೋಕನಾಥ ಸರ್ ಮುಖದ ಬೆವರು ಒರೆಸುತ್ತ ಕೈಬೀಸಿದರು. ತಂತಿಗಳನ್ನು ಬದಲಿಸಿದಾಗ ಚುಕ್ಕೆ ಮತ್ತೆ ಗೋಡೆಯೇರಿತು. ಹಿರಿಯರು ತಲೆಯಾಡಿಸಿದರು. ಪ್ರಿನ್ಸಿಪಾಲರು ಅವರನ್ನು ಉಪಾಹಾರಕ್ಕೆ ಕರೆದೊಯ್ಯುವಾಗ ಲೋಕನಾಥ ಸರ್ ಅಭಯಚಂದ್ರನ ಭುಜ ಮುಟ್ಟಿ ಹೇಳಿದರು: “ಮಾನ ಉಳಿಸಿದೆ. ಆ ಬೀಗದ ಕೈ ನಿನ್ನಿಂದ ತೆಗೆದದ್ದು ನನ್ನ ತಪ್ಪು.”

ಅವನು ಎಣಿಸಿದ್ದಷ್ಟೇ ಹೊತ್ತು ತಲೆ ತಗ್ಗಿಸಿದ.

ಆಮೇಲೆ ಬ್ಯಾಟರಿ ಕೋಣೆಯಲ್ಲಿ ವಿಚಾರಣೆ. ವಾಸನೆ ಹೋಗಲೆಂದು ಬಾಗಿಲು ಕಿಟಕಿಗಳನ್ನು ತೆರೆದಿಟ್ಟಿದ್ದರು. ಗಾಜಿನ ಪೆಟ್ಟಿಗೆಗಳ ನಡುವೆ ಶುಕೂರ್ ಟೊಪ್ಪಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದ. ಕೆಮಿಸ್ಟ್ರಿಯ ಲೆಕ್ಚರರ್ ಕೊಳವೆಯ ತುದಿಯಿಂದ ಗ್ಲಾಸಿಗೆ ನೀರು ಹಿಡಿದು ಮದ್ದಿನ ಹನಿ ಬಿಟ್ಟರು. ಗ್ಲಾಸು ಹಾಲಾಯಿತು.

“ಎಂತದು ಇದು, ಬ್ಯಾಟರಿ ನೀರಾ?” ಎಂದರು ಲೋಕನಾಥ ಸರ್.

“ಜಾಡಿದೇ ಸರ್. ಮಂಗಳೂರಿಂದ ನಾನೇ ತಂದದ್ದು.”

“ತಂದದ್ದು ಎಲ್ಲಿ ಹೋಯ್ತು? ತೊಟ್ಟಿಯ ನೀರು ಹಾಕಿದ್ದೀ. ಬೀಗದ ಕೈ ಯಾರ ಹತ್ರ ಉಂಟು?”

“ನನ್ನ ಹತ್ರವೇ ಸರ್.” ಶುಕೂರನ ಧ್ವನಿ ಇಳಿಯಿತು. “ಮನೆಯಲ್ಲಿ ಹೆಂಡತಿ ಜುಲೈಕಾಗೆ ಕೆಲಸ ಖಾಯಂ ಆಗ್ತದೆ ಅಂತ ಹೇಳಿ ಬಂದಿದ್ದೇನೆ. ನಾನು ಹಾಗೆ ಮಾಡ್ತೇನಾ?”

ಕುಶಾಲಪ್ಪ ಬಾಗಿಲಲ್ಲಿ ನಿಂತು, “ತೋಡಿನ ನೀರಾದ್ರೆ ಇಷ್ಟು ಬೆಳ್ಳಗೆ ಆಗ್ತಿತ್ತಾ?” ಎಂದು ಯಾರಿಗೋ ಪಿಸುಗುಟ್ಟಿದ. ಅಭಯಚಂದ್ರನಿಗೆ ಕ್ಷಣಕಾಲ ಏನೋ ಚುಚ್ಚಿದಂತಾಯಿತು. ಕರುಣೆಯಿರಬಹುದು. ಗೆದ್ದವನಿಗೆ ಅದು ಸುಲಭ. ಒಂದು ಒಳ್ಳೆಯ ಮಾತು ಸೇರಿಸುವುದು ಒಳ್ಳೆಯದೆನಿಸಿತು.

“ಬಿಡಿ ಸರ್. ಹೊಸಬ. ಗೊತ್ತಿಲ್ಲದೆ ಮಾಡಿದ್ದು.”

“ಗೊತ್ತಿಲ್ಲದವನಿಗೆ ಈ ಕೋಣೆ ಯಾಕೆ?” ಎನ್ನುತ್ತ ಲೋಕನಾಥ ಸರ್ ಕೈ ಚಾಚಿದರು. ಶುಕೂರ್ ಬೆಲ್ಟಿನಿಂದ ಬೀಗದ ಕೈಯನ್ನು ಬಿಚ್ಚಿ ಕೊಟ್ಟ. “ಕುಶಾಲಪ್ಪ, ಆ ಜಾಡಿಯನ್ನು ಹೊರಗೆ ಚೆಲ್ಲು.”

ಕುಶಾಲಪ್ಪ ಮರದ ಮುಚ್ಚಳ ಎತ್ತಿ ಜಾಡಿಗೆ ಕೈ ಹಾಕಿದಾಗ ಶುಕೂರ್ ಅವಸರದಿಂದ ತಡೆದ. “ಮೆಲ್ಲ ಕುಶಾಲಪ್ಪಣ್ಣ, ಆ ಬಟ್ಟೆ ಮುಟ್ಟಬೇಡಿ. ಅದು ಅಭಯಣ್ಣಂದು. ಬೆಳಿಗ್ಗೆ ಮುಚ್ಚಳ ತೆಗೆಯುವಾಗ ಕಂಡಿತು, ನಿನ್ನೆ ಕೋಣೆ ತೆರೆದಿದ್ದಾಗ ಧೂಳು ಬೀಳಬಾರದೂಂತ ಕಟ್ಟಿ ಹೋಗಿದ್ದಾರೆ ಅಂತ ಎಣಿಸಿದೆ. ಹಿಂದೊಮ್ಮೆ ಅವರ ನೀರಿನ ಮಡಕೆಯ ಬಟ್ಟೆಗೆ ನನ್ನ ಕೈ ತಾಗಿ ಮಡಕೆಯನ್ನೇ ಒಡೆದು ಹಾಕಿದ್ರು. ಅದಕ್ಕೆ ನಾನು ಬಿಚ್ಚಲಿಕ್ಕೆ ಹೋಗಲಿಲ್ಲ, ಕೊಳವೆಯನ್ನು ಬದಿಯಿಂದ ತೂರಿಸಿದೆ.” ಎಲ್ಲರೂ ಜಾಡಿಯ ಬಾಯಿ ನೋಡಿದರು. ಅಲ್ಲಿ ಎರಡು ಪದರದ ಬಿಳಿ ಬಟ್ಟೆ, ಒಂದು ಬದಿಗೆ ಗಂಟು ಹಾಕಿ, ಬಿಗಿಯಾಗಿ ಕಟ್ಟಿತ್ತು. ಅದರ ನಡುವಿನ ತಗ್ಗಿನಲ್ಲಿ ತೊಟ್ಟಿಯ ಪಾಚಿಯ ಹಸಿರು ಎಳೆಗಳು, ಎರಡು ಸಣ್ಣ ಹುಳಗಳು ಇನ್ನೂ ಒದ್ದೆಯಾಗಿಯೇ ಉಳಿದಿದ್ದವು. ಧೂಳಿಗೆಂದು ಕಟ್ಟಿದ ಬಟ್ಟೆಯ ಮೇಲೆ ಪಾಚಿ ನಿಲ್ಲುವುದಿಲ್ಲ, ನೀರು ಸುರಿದ ಬಟ್ಟೆಯ ಮೇಲೆ ಮಾತ್ರ ನಿಲ್ಲುತ್ತದೆ. ಸೋಸದ ನೀರನ್ನು ಯಾವ ಪಾತ್ರೆಗೂ ಹಾಕಬಾರದು, ಅದರೊಳಗಿನ ಒಂದು ಜೀವಕ್ಕೂ ನೋವಾಗಬಾರದು ಎಂದು ಜೈನರ ಮನೆಯ ಮಕ್ಕಳು ನಡೆಯಲು ಕಲಿಯುವಾಗಲೇ ಕಲಿಯುತ್ತಾರೆ. ಅಭಯಚಂದ್ರ ತನ್ನ ಎರಡು ಕೈಗಳನ್ನು ನೋಡಿಕೊಂಡ. ಅವು ಆ ಬಟ್ಟೆಯನ್ನು ಊಟದ ಚೀಲದಿಂದ ಯಾವಾಗ ತೆಗೆದವು, ಯಾವಾಗ ಕಟ್ಟಿದವು ಎಂದು ಅವನಿಗೆ ನೆನಪೇ ಆಗಲಿಲ್ಲ. ಆ ಗುಡ್ಡದ ಮೇಲೆ ನೀರು ಸೋಸಿ ಕುಡಿಯುವವನು ಅವನೊಬ್ಬನೇ ಇದ್ದ.